ತಾಂಬರದಿಂದ ಬಂದ ವಾಸನೆ

ಇಂಥ ಕತೆಗಳನ್ನು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಊರಲ್ಲಿ ಅಜ್ಜ ತೀರಿಕೊಂಡ ಹೊತ್ತಿಗೇ ಇಲ್ಲಿ ಗಡಿಯಾರ ನಿಂತಿತು ಎಂದರೆ, ಕೀಲಿ ಕೊಡಲು ಮರೆತಿದ್ದೀರಿ ಎನ್ನುತ್ತಿದ್ದೆ. ಆದ್ದರಿಂದ ಮುಂದಿನದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವ ಹಕ್ಕು ನನಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ, ಉಡುಪಿ ಕಡೆಯವರ ಒಂದು ಹೋಟೆಲಿನಲ್ಲಿ ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಅಲ್ಲಿ ಬಹುಕಾಲ ಅಡುಗೆ ಮಾಡಿದ್ದ ಅಣ್ಣಪ್ಪಯ್ಯನವರಿಗೆ ಲಕ್ವ ಹೊಡೆದು ಮಾತು ಹೋಯಿತು. ಕಾಲು ನಿಲ್ಲದಾಯಿತು, ಬಲಗೈ ಮುಷ್ಟಿ ಕಟ್ಟಿಕೊಂಡು ಸೆಟೆಯಿತು. ಮದುವೆಯಾದವರಲ್ಲ, ಊರಿನಲ್ಲೂ ಯಾರೂ ಉಳಿದಿರಲಿಲ್ಲ. ಧಣಿಗಳು ಅವರನ್ನು ಮದ್ರಾಸಿನ ಹೊರವಲಯದ ತಾಂಬರದಲ್ಲಿ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು.

ಭೇಟಿಗೆ ಭಾನುವಾರ ಮಧ್ಯಾಹ್ನ ಮಾತ್ರ ಅವಕಾಶ. ನಾನೂ, ಅವರ ಕೈಕೆಳಗೆ ಅಡುಗೆ ಕಲಿತ ಶೀನನೂ ಎಲೆಯಲ್ಲಿ ಕಟ್ಟಿದ ಇಡ್ಲಿ ಹಿಡಿದುಕೊಂಡು ಎಲೆಕ್ಟ್ರಿಕ್ ರೈಲು ಹತ್ತುತ್ತಿದ್ದೆವು. ಅಲ್ಲಿ ಜಗಲಿಯ ಮೇಲೆ ಮುದುಕರನ್ನೆಲ್ಲ ಸಾಲಾಗಿ ಕುರ್ಚಿಯಲ್ಲಿ ಕೂರಿಸಿರುತ್ತಿದ್ದರು. ಎದೆಯಿಂದ ಪಾದದವರೆಗೆ ಬಿಳಿ ಹೊದಿಕೆ. ತಲೆ ಬಾಚಿ, ಹಣೆಗೆ ಗಂಧವಿಟ್ಟು, ಮುಖಕ್ಕೆ ಪೌಡರ್ ಬಳಿದಿರುತ್ತಿದ್ದರು.

"ಮದುಮಗನ ಹಾಗೆ ಕಾಣ್ತೀರಿ ಮಾರಾಯ್ರೆ, ಹೆಣ್ಣು ನೋಡ್ಲಿಕ್ಕೆ ಹೋಗ್ಲಿಕ್ಕುಂಟಾ?" ಎಂದು ಶೀನ ಚೇಷ್ಟೆ ಮಾಡುತ್ತಿದ್ದ. ಅಣ್ಣಪ್ಪಯ್ಯ ನಗುತ್ತಿರಲಿಲ್ಲ. ನಮ್ಮ ಮುಖವನ್ನೇ ನೋಡುತ್ತಿದ್ದರು. ಅದು ಕಾಯಿಲೆಯ ಲಕ್ಷಣ ಎಂದು ಅಲ್ಲಿನ ಮ್ಯಾನೇಜರ್ ಹೇಳಿದ್ದ.

ಒಂದು ಬುಧವಾರ ಬೆಳಿಗ್ಗೆ, ಟಿಫನ್ನಿನ ಗಡಿಬಿಡಿಯಲ್ಲಿ, ಹೋಟೆಲಿನೊಳಗೆ ನಾತ ಎದ್ದಿತು. ಮೊದಲು ಗಲ್ಲಾದ ಹತ್ತಿರ, ಆಮೇಲೆ ಗಿರಾಕಿಗಳು ಕೂರುವ ಹಾಲ್ ತುಂಬ. ದಿನವೂ ಬರುವ ಗುಮಾಸ್ತರೊಬ್ಬರು ಮೂಗು ಹಿಡಿದುಕೊಂಡು, "ಎನ್ನ ಸಾಮಿ, ಇನ್ನಿಕ್ಕು ಎಲಿ ಸಾಂಬಾರಾ?" ಎಂದು ಕೇಳಿದರು, ಇವತ್ತು ಇಲಿಯ ಸಾಂಬಾರೋ ಎಂದು. ಪಕ್ಕದವರು ನಕ್ಕರು. ಆಮೇಲೆ ಅವರೂ ಅರ್ಧ ದೋಸೆ ಬಿಟ್ಟು ಎದ್ದರು. ಮೋರಿಗೆ ಫಿನಾಯಿಲ್ ಸುರಿದೆವು, ಬೀರುಗಳನ್ನು ಸರಿಸಿ ನೋಡಿದೆವು, ಸಾಂಬ್ರಾಣಿ ಹಾಕಿದೆವು. ಎಲ್ಲೂ ಇಲಿ ಸತ್ತಿರಲಿಲ್ಲ. ಕೀವು, ಮೂತ್ರ, ಕೊಳೆತ ಬಟ್ಟೆಯ ನಾತ. ಅದರ ಜೊತೆಗೆ ಸಿಹಿಯಾದ ಇನ್ನೊಂದು ವಾಸನೆ. ಅಡುಗೆಮನೆಯಿಂದ ಬಂದ ಶೀನ ನನ್ನ ಪಕ್ಕ ನಿಂತು ಮೂಸಿದ. ಅವನ ಮುಖ ಬಿಳಿಚಿತು.

"ಭಟ್ರೇ, ಇದು ಆ ಪೌಡರ್ ಅಲ್ವಾ?"

ನಾನು ಗಲ್ಲಾವನ್ನು ಧಣಿಗಳಿಗೆ ಒಪ್ಪಿಸಿ ಚಪ್ಪಲಿ ಮೆಟ್ಟಿದೆ, ಶೀನನೂ ಹಿಂದೆಯೇ ಬಂದ.

ತಾಂಬರದಲ್ಲಿ ಮ್ಯಾನೇಜರ್ ಬಾಗಿಲಿಗೆ ಅಡ್ಡ ನಿಂತ. "ಇವತ್ತು ನೋಡೋ ದಿನ ಅಲ್ಲ ಸಾರ್, ಸಂಡೇ ಬನ್ನಿ."

"ಸಂಡೇವರೆಗೆ ಜೀವ ಇರ್ಬೇಕಲ್ಲ!" ಎಂದು ಶೀನ ಅವನನ್ನು ಸರಿಸಿ ನುಗ್ಗಿದ.

ಒಳಕೋಣೆಯಲ್ಲಿ ಅದೇ ವಾಸನೆಯಿತ್ತು, ಆ ಸಿಹಿಯ ಸಮೇತ. ಅಣ್ಣಪ್ಪಯ್ಯ ಭಾನುವಾರದ ಪೌಡರಿನಲ್ಲೇ ಮಲಗಿದ್ದರು. ಬೆವರಿಗೆ ಅದು ಗೆರೆಗೆರೆಯಾಗಿ ಒಣಗಿತ್ತು. ಹೊದಿಕೆ ತೆಗೆದೆವು. ಪಂಚೆ ಸೊಂಟದ ಹುಣ್ಣಿಗೆ ಅಂಟಿಕೊಂಡಿತ್ತು. ಅವರನ್ನು ಮಗ್ಗುಲು ಬದಲಿಸಿ ಎಷ್ಟು ದಿನವಾಗಿತ್ತೋ! ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ನೋಡಿದರೆ, ಉಗುರುಗಳು ಬೆಳೆದು ಬಾಗಿ ಅಂಗೈಯ ಮಾಂಸದೊಳಗೆ ಇಳಿದಿದ್ದವು. ಭಾನುವಾರಗಳಲ್ಲಿ ಆ ಕೈ ಹೊದಿಕೆಯ ಕೆಳಗಿರುತ್ತಿತ್ತು. ನೋಡಲು ಬಂದವರಿಗೆ ಕಾಣುವಷ್ಟನ್ನು ಮಾತ್ರ ಆ ಪಾಪಿಗಳು ತೊಳೆಯುತ್ತಿದ್ದರು.

ಬಿಸಿನೀರು ಕೇಳಿದರೆ ಆಯಾ, ಹಂಡೆಗೆ ಬೆಂಕಿ ಹಾಕುವುದು ಶನಿವಾರ ಮಾತ್ರ ಎಂದಳು. ಶೀನನೇ ಬೆಂಕಿ ಹಾಕಿದ. ನೀರಿನಲ್ಲಿ ನೆನೆಸಿ ನೆನೆಸಿ ಪಂಚೆ ಬಿಡಿಸಿದೆವು. ಅಷ್ಟು ಹೊತ್ತೂ ಅಣ್ಣಪ್ಪಯ್ಯ ಎಡಗೈಯಲ್ಲಿ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದರು. ಪಕ್ಕದ ಮಂಚಗಳಿಂದಲೂ ಕೆಲವು ಕೈಗಳು ನಮ್ಮತ್ತ ಎದ್ದವು. ಟ್ಯಾಕ್ಸಿಯಲ್ಲಿ ನಾವು ಕರೆತಂದದ್ದು ಒಬ್ಬರನ್ನು.

ಹೋಟೆಲಿಗೆ ಮರಳಿದಾಗ ವಾಸನೆ ಇರಲಿಲ್ಲ. ಮಧ್ಯಾಹ್ನದ ಊಟ ಬಡಿಸುವಾಗ ಇದ್ದಕ್ಕಿದ್ದಂತೆ ನಿಂತುಹೋಯಿತು ಎಂದು ಧಣಿಗಳು ಹೇಳಿದರು. ಸರಿಸುಮಾರು ಅದೇ ಹೊತ್ತಿಗೆ ನಾವು ಅಣ್ಣಪ್ಪಯ್ಯನವರ ಮೈ ತೊಳೆಯುತ್ತಿದ್ದೆವು.

ಅಣ್ಣಪ್ಪಯ್ಯನವರನ್ನು ಹೋಟೆಲಿನ ಮಹಡಿಯಲ್ಲೇ ಮಲಗಿಸಿಕೊಂಡು ನೋಡಿಕೊಂಡೆವು. ಅಂಗೈ ಮಾಯಿತು. ಸೊಂಟದ ಹುಣ್ಣು ಮಾಯಲಿಲ್ಲ, ಅದರಲ್ಲೇ ಹೋದರು. ಧಣಿಗಳು ದೂರು ಕೊಟ್ಟಿದ್ದರು. ತನಿಖೆಗೆ ಬಂದ ಮಹನೀಯರು ಭಾನುವಾರವೇ ಬಂದು, ಜಗಲಿಯಲ್ಲಿ ಕಾಫಿ ಕುಡಿದು, ಎಲ್ಲ ಶುಚಿಯಾಗಿದೆ ಎಂದು ಬರೆದು ಹೋದರು.

ಹಿಂದಿನ ಭಾನುವಾರ ನನ್ನ ಬಟ್ಟೆಗೇ ಆ ವಾಸನೆ ಹತ್ತಿತ್ತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಬಟ್ಟೆ ಆಗಲೇ ಒಗೆದು ಒಣಗಿತ್ತು. ಹಾಗಿದ್ದೂ, ಹಾಲ್ ತುಂಬ ಇದ್ದ ಗಿರಾಕಿಗಳು ಎದ್ದು ಹೋದರಲ್ಲ?

ಆ ದಿನ ತಾಂಬರದಿಂದ ಹೊರಡುವಾಗ ನಾನು ಮ್ಯಾನೇಜರನ ಎದುರು ನಿಂತು ಕೂಗಾಡಿದ್ದೆ. ಅವನ ಮೇಜು ಒಳಕೋಣೆಯ ಬಾಗಿಲಿಗೆ ತಾಗಿಕೊಂಡೇ ಇತ್ತು. ಈ ನಾತದಲ್ಲಿ ಹೇಗಯ್ಯಾ ಕೂತು ಉಣ್ಣುತ್ತೀ ಎಂದು ಕೇಳಿದೆ. ಅವನು ಕಾಫಿ ಲೋಟ ಕೆಳಗಿಟ್ಟ. ಬಾಗಿಲಿನತ್ತ ತಿರುಗಿ ಉದ್ದಕ್ಕೆ ಉಸಿರೆಳೆದುಕೊಂಡ. ಆಮೇಲೆ, ನಿಜವಾಗಿಯೂ ತಿಳಿಯದವನ ಹಾಗೆ, ನನ್ನ ಮುಖ ನೋಡಿ ಕೇಳಿದ:

"ಎಂಥ ವಾಸನೆ ಸಾರ್?"