ಚೆಲ್ಲಿದ ಕೊಡಗಳು

ಹರೆಯದ ಮಕ್ಕಳು ಕೂಡಿ ಕೂರಲೆಂದೇ ಸೊರಬದಲ್ಲಿ ಹೊಸದಾಗಿ ತೆರೆದ ಕೋಣೆಯಿಂದ ಮಗಳು ಮನೆಗೆ ಬಂದಳು. ಕೈಯಲ್ಲಿ ಕೇರಂ ಪೌಡರಿನ ವಾಸನೆ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು.

ಕುಬಟೂರಿನಲ್ಲಿ ನಮ್ಮ ಕಾಲಕ್ಕೆ ಅರಳಿಕಟ್ಟೆ ಹುಡುಗರದು. ಹುಡುಗಿಯರಾದ ನಮಗಿದ್ದದ್ದು ಬೋರಿಂಗ್ ಪಂಪಿನ ಜಾಗವೊಂದೇ, ಅದೂ ಕೈಯಲ್ಲಿ ಕೊಡವಿದ್ದರೆ ಮಾತ್ರ. ಕೊಡ ತುಂಬಿದರೆ ಮನೆಗೆ ಹೊರಡಬೇಕು. ಅದಕ್ಕೇ ಮಾತು ಮುಗಿಯದ ದಿನ ತುಂಬಿದ ಕೊಡವನ್ನು ಮೆಲ್ಲಗೆ ಚೆಲ್ಲಿ, ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತಿದ್ದೆವು. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಒಂದ್ ಕೊಡ ನೀರಿಗೆ ಇಷ್ಟ್ ಹೊತ್ತೇನೇ?"

"ಅಲ್ಲಿ ಏನ್ ಮಾಡ್ತೀರೇ?" ಎಂದು ಮಗಳನ್ನು ಕೇಳಿದೆ.

"ಏನಿಲ್ಲಮ್ಮ, ಸುಮ್ನೆ ಕೂತಿರ್ತೀವಿ."

ಹಾಗೆ ಸುಮ್ಮನೆ ಇರಲು ನಾವು ಎಷ್ಟು ನೀರು ಚೆಲ್ಲಿದ್ದೆವೆಂದು ಅವಳಿಗೆ ಹೇಳಲಿಲ್ಲ. "ಅದಕ್ಕೆ ಇಷ್ಟ್ ಹೊತ್ತೇನೇ?" ಎಂದು ಗದರಿದೆ.