ಎಡಬಲ ಹೇಳದ ಯಂತ್ರ

ಮಣಿಪಾಲದ ಆ ಅಂಗಡಿಯಲ್ಲಿ ಚಾರಣಕ್ಕೆ ಹೋಗುವವರ ಬೂಟು, ಡೇರೆ, ಟಾರ್ಚುಗಳ ಜೊತೆಗೆ ದೋಣಿಯವರಿಗೆ ಬೇಕಾದ ಸಾಮಾನುಗಳನ್ನೂ ಮಾರುತ್ತಾರೆ. ಕೈಯಲ್ಲಿ ಹಿಡಿದುಕೊಳ್ಳುವಂಥ, ದಾರಿ ತೋರಿಸುವ ಯಂತ್ರವೊಂದು ಬೇಕು ಎಂದೆ. ಯಾವ ತರಹದ್ದು ಎಂದು ಮಾಲೀಕರು ಕೇಳಿದರು. ಎಡಕ್ಕೆ ಬಲಕ್ಕೆ ಎಂದು ಹೇಳದೆ ಇರುವಂಥದ್ದು ಎಂದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಹಿಂದೆ ನಿಂತಿದ್ದ ನನ್ನ ಹೆಂಡತಿಯ ಮುಖ ನೋಡಿದರು. ಈಚೆಗೆ ಜನ ಹೀಗೆ ಮಾಡುವುದು ಹೆಚ್ಚಾಗಿದೆ. ನಾನು ಹೇಳಿದ್ದು ಹೌದೋ ಅಲ್ಲವೋ ಎಂಬುದನ್ನು ಅವಳ ಮುಖದಲ್ಲಿ ಓದಿ ತಿಳಿದುಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಾಫಿಯ ಲೋಟ ನನ್ನ ಕೈಯಿಂದ ಜಾರಿತು. ಬಿದ್ದ ಲೋಟಕ್ಕೆ ಬೈಯಲು ಹೋದರೆ ನಾಲಿಗೆ ತೊದಲಿತು. ಮಿದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತಂತೆ. ಬೇಗನೆ ಆಸ್ಪತ್ರೆಗೆ ಒಯ್ದ ಕಾರಣ ಮಾತು ಬಂತು, ಕೈಕಾಲೂ ಮೊದಲಿನಂತಾದವು. ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ನನ್ನ ಎಡಗೈ ಎತ್ತಲು ಹೇಳಿದರು. ಎತ್ತಿದೆ. ಬಲಗೈ ಎತ್ತಲು ಹೇಳಿದರು. ಎತ್ತಿದ್ದನ್ನು ಇಳಿಸಿ ಮತ್ತೆ ಅದನ್ನೇ ಎತ್ತಿದೆ. ತಮಾಷೆ ಮಾಡುತ್ತಿದ್ದೇನೆ ಎಂದು ಹೆಂಡತಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

ಹೋದದ್ದು ಅಷ್ಟೇ, ಎಡ ಮತ್ತು ಬಲ. ಅದರ ಜೊತೆಗೆ ದಾರಿಯ ಕವಲು. ರಸ್ತೆಯಲ್ಲಿ ಯಾವ ಮಗ್ಗುಲಿಗೆ ಹೋಗಬೇಕು, ಬ್ರೇಕು ಹೇಗೆ ಹಿಡಿಯಬೇಕು ಎಂಬುದೆಲ್ಲ ಕೈಕಾಲಿಗೆ ಗೊತ್ತು. ಆದರೆ ವರ್ಷಗಟ್ಟಲೆ ಓಡಾಡಿದ ಕವಲಿನಲ್ಲಿ ನಿಂತರೆ ಮುಂದಿನ ದಾರಿ ಮನಸ್ಸಿಗೆ ಎದ್ದು ಬರುವುದಿಲ್ಲ. ಗಡಿಯಾರ ಕಟ್ಟಿದ ಕೈ ಎಡಗೈ ಎಂದು ಗುರುತು ಇಟ್ಟುಕೊಳ್ಳಿ ಎಂದರು ಡಾಕ್ಟರಮ್ಮ. ಇಟ್ಟುಕೊಂಡೆ. ‘ಎಡ’ ಎಂಬ ಮಾತು ಕಿವಿಗೆ ಬಿದ್ದು, ಗಡಿಯಾರ ಹುಡುಕಿ, ಆ ಕೈಯ ಕಡೆಗೆ ಸ್ಕೂಟರಿನ ಹ್ಯಾಂಡಲ್ ತಿರುಗಿಸುವಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತಿತ್ತು.

ವಿಚಿತ್ರ ಎಂದರೆ ಪಡು, ಮೂಡು, ತೆಂಕು, ಬಡಗು, ಅಂದರೆ ಪಶ್ಚಿಮ, ಪೂರ್ವ, ದಕ್ಷಿಣ, ಉತ್ತರ, ನಾಲ್ಕೂ ಉಳಿದುಕೊಂಡವು. ನಮ್ಮದು ತುಳು ಮಾತಾಡುವ ಮನೆ. ನಮ್ಮಲ್ಲಿ ಎಡಬಲ ಬೇಕಾಗುವುದು ಎಲೆಗೆ ಬಡಿಸುವಾಗ ಮಾತ್ರ, ಮತ್ತೆಲ್ಲ ದಿಕ್ಕಿನ ಮೇಲೆಯೇ ನಡೆಯುತ್ತದೆ. ಸಾಬೂನು ಬಚ್ಚಲಿನ ಪಡು ಮೂಲೆಯಲ್ಲಿರುತ್ತದೆ, ನೀನು ಬೆಂಚಿನಲ್ಲಿ ಸ್ವಲ್ಪ ತೆಂಕಿಗೆ ಸರಿ ಎನ್ನುತ್ತೇವೆ. ಸುತ್ತಲಿನ ಊರುಗಳಾದರೂ ಏನು, ಪಡುಬಿದ್ರಿ, ಮೂಡುಬೆಳ್ಳೆ, ತೆಂಕನಿಡಿಯೂರು, ಬಡಗಬೆಟ್ಟು. ಒಮ್ಮೆ ನನ್ನ ಹೆಂಡತಿ ಹಲ್ಲುನೋವೆಂದು ಮಣಿಪಾಲದ ದಂತವೈದ್ಯರ ಹತ್ತಿರ ಹೋಗಿದ್ದಳು. ಮನೆಯಲ್ಲಿ ಮೂಡು ಮುಖವಾಗಿ ಕುಳಿತಿದ್ದಾಗ ತೆಂಕು ಬದಿಯ ಹಲ್ಲು ನೋಯುತ್ತದೆ ಎಂದವಳು, ಅಲ್ಲಿ ಪಡುವಿಗೆ ಮುಖ ಮಾಡಿದ್ದ ಕುರ್ಚಿಯಲ್ಲಿ ಬಡಗು ಬದಿಯದ್ದು ಎಂದಳು. ಊರಿಗೆ ಹೊಸಬರಾದ ಆ ಡಾಕ್ಟರು ಕನ್ನಡಿ ಹಿಡಿದುಕೊಂಡು ಎರಡೂ ಬದಿಯ ಹಲ್ಲುಗಳನ್ನು ತಟ್ಟಿ ನೋಡಿದರು. ಅವಳ ಪ್ರಕಾರ ತಪ್ಪು ಕುರ್ಚಿಯದ್ದು.

ಇದೆಲ್ಲ ಮನೆಯೊಳಗೆ ಇದ್ದುಬಿಡುವವನಿಗೆ ನಗುವ ವಿಷಯ. ನನಗೆ ಜೇನು ಪೆಟ್ಟಿಗೆಗಳಿದ್ದವು. ಬ್ಯಾಂಕಿನ ನೌಕರಿ ಮುಗಿದ ಮೇಲೆ ತುಡುವೆ ಜೇನು ಸಾಕಲು ಹಿಡಿದವನು ನಾನು. ಪೆಟ್ಟಿಗೆಗಳನ್ನು ನಮ್ಮ ಅಂಗಳದಲ್ಲಿ ಅಲ್ಲ, ಬೇರೆಯವರ ತೋಟಗಳಲ್ಲಿ ಇಟ್ಟಿದ್ದೇನೆ. ಕಾರ್ಕಳದ ಕಡೆ ರಬ್ಬರು ತೋಟ, ಬೆಳ್ಮಣ್ಣಿನಲ್ಲಿ ಅಡಿಕೆ, ಕಾಪುವಿನಲ್ಲೂ ಕೆಮ್ಮಣ್ಣಿನಲ್ಲೂ ತೆಂಗು. ಒಬ್ಬನೇ ಹೋಗಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಜೇನು ತುಂಬುವ ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ ನೋಡುವ ಹೊತ್ತಿನಲ್ಲಿ ನನಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಬೇರೆ ಹೊತ್ತಿನ ಬಗ್ಗೆ ಹಾಗೆ ಹೇಳಲಾರೆ.

ಆಸ್ಪತ್ರೆಯಿಂದ ಬಂದ ಮೇಲೆ, ಹಗಲು ಹೊತ್ತಿನಲ್ಲಿ ನಿಧಾನಕ್ಕೆ ಸ್ಕೂಟರು ಓಡಿಸಬಹುದು, ಹೆದ್ದಾರಿಯನ್ನು ಅಡ್ಡ ದಾಟುವುದು ಮಾತ್ರ, ಅದರ ಮೇಲೆ ಹೋಗುವುದು ಬೇಡ ಎಂದು ಡಾಕ್ಟರಮ್ಮ ಒಪ್ಪಿದರು. ಹೆಂಡತಿ ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೂಡಿಗೆ ತಿರುಗಿಸಿ, ಈಗ ಬಡಗಿಗೆ ಎಂದು ಹೇಳುತ್ತಾ ಹೇಳುತ್ತಾ ಅವಳು ನನ್ನನ್ನು ತೋಟದಿಂದ ತೋಟಕ್ಕೆ ಮುಟ್ಟಿಸಿದಳು. ದಾರಿ ಒಂದೂ ತಪ್ಪಲಿಲ್ಲ. ಆದರೆ ಹುಳಗಳಿಗೆ ಹೆದರುವ ಹೆಂಗಸು ಅವಳು. ನಾನು ಪೆಟ್ಟಿಗೆ ತೆರೆಯುವಾಗ ಸೀರೆಯ ಸೆರಗನ್ನು ತಲೆಗೆ ಸುತ್ತಿಕೊಂಡು ದೂರದ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಅವಳು ಬಿಸಿಲಲ್ಲಿ ಕಾಯುತ್ತಿದ್ದಾಳೆ ಎಂದು ಗೊತ್ತಿದ್ದರೆ ಎರಿಯನ್ನು ನೆಟ್ಟಗೆ ನೋಡಲಾಗುತ್ತದೆಯೇ?

ಒಂದು ದಿನ ಅವಳು ನೆಂಟರ ಮನೆಗೆ ಹೋಗಿದ್ದಾಗ, ಫೋನಿನಲ್ಲಿ ನಕ್ಷೆ ಹಾಕಿಕೊಂಡು ಒಬ್ಬನೇ ಬೆಳ್ಮಣ್ಣಿಗೆ ಹೊರಟೆ. ಫೋನಿನೊಳಗಿನ ಹೆಂಗಸು ಎಡಕ್ಕೆ ತಿರುಗಿ ಎಂದಳು. ತಿರುಗಿದೆ. ಅದು ಎಡ ಆಗಿರಲಿಲ್ಲ ಎಂದು ಕಾಣುತ್ತದೆ, ಹೊಸ ದಾರಿ ಲೆಕ್ಕ ಹಾಕಿ ಮತ್ತೆ ಬಲಕ್ಕೆ ಎಂದಳು. ನಾನು ತಿರುಗಿದಾಗಲೆಲ್ಲ ಪರದೆಯ ಮೇಲೆ ಇಡೀ ಊರು ಗಿರ್ರನೆ ತಿರುಗುತ್ತಿತ್ತು. ಕೊನೆಗೆ ಫೋನನ್ನು ಸ್ಕೂಟರಿನ ಡಿಕ್ಕಿಗೆ ಹಾಕಿ ಮುಚ್ಚಿದೆ. ಅದು ಒಳಗಿನಿಂದಲೂ ಮಾತಾಡುತ್ತಲೇ ಇತ್ತು. ಮಧ್ಯಾಹ್ನ ಹೆಂಡತಿ ಫೋನು ಮಾಡಿ ಎಲ್ಲಿದ್ದೀರಿ ಎಂದು ಕೇಳಿದಾಗ, ಬೆಳ್ಮಣ್ಣಿನಲ್ಲಿ, ಈಗ ಹೊರಟೆ ಎಂದೆ. ನಿಜಕ್ಕೂ ಎಲ್ಲಿದ್ದೆನೋ ನನಗೇ ಗೊತ್ತಿರಲಿಲ್ಲ. ಸಂಜೆ ಕಾರ್ಕಳದ ಒಂದು ಹೋಟೆಲಿನವರು ನನ್ನನ್ನು ಕೂರಿಸಿ, ಚಹಾ ಕೊಟ್ಟು, ಅವಳಿಗೆ ಫೋನು ಮಾಡಿದರು. ಅವಳು ರಿಕ್ಷಾ ಮಾಡಿಕೊಂಡು ಬಂದಳು. ಮನೆಗೆ ಕರೆತಂದು ಗಂಜಿ ಬಡಿಸಿದಳು.

ಮರುದಿನ ತೀರ್ಮಾನ ಹೇಳಿದಳು. ನನಗೆ ಸರಿಹೋಗುವ ಯಂತ್ರ ಸಿಕ್ಕಿದರೆ ತೆಗೆದುಕೊಳ್ಳೋಣ. ಅದನ್ನು ಹಿಡಿದುಕೊಂಡು ಒಬ್ಬನೇ ಹೋಗಿ ಬರಬೇಕು. ಮತ್ತೆ ದಾರಿ ತಪ್ಪಿದರೆ ಪೆಟ್ಟಿಗೆಗಳನ್ನು ಆಯಾ ತೋಟದವರಿಗೇ ಬಿಟ್ಟುಕೊಡಬೇಕು, ಸ್ಕೂಟರಿನ ಕೀಲಿಯನ್ನು ಅವಳ ಕೈಗೆ ಕೊಡಬೇಕು. ಬ್ಯಾಂಕಿನಲ್ಲಿ ಇದಕ್ಕಿಂತ ಗಟ್ಟಿಯಾದ ಕರಾರು ನಾನು ನೋಡಿಲ್ಲ. ಒಪ್ಪಿದೆ.

ಹಾಗೆ ಬಂದದ್ದು ಆ ಅಂಗಡಿಗೆ. ಮಾಲೀಕರು ಕೊಂಕಣಿ ಮಾತಾಡುವ, ಕುತ್ತಿಗೆಗೆ ಕನ್ನಡಕ ತೂಗಿಸಿಕೊಂಡ ಮನುಷ್ಯ. ವಿಷಯ ಪೂರ್ತಿ ಕೇಳಿದ ಮೇಲೆ ಅವರು ಹೆಂಡತಿಯ ಮುಖ ನೋಡುವುದನ್ನು ಬಿಟ್ಟು ನನ್ನ ಹತ್ತಿರವೇ ಮಾತಾಡಿದರು. ಅದಕ್ಕೇ ಅವರ ಮೇಲೆ ನನಗೆ ಅರ್ಧ ನಂಬಿಕೆ ಬಂತು. ಮೂರು ಯಂತ್ರಗಳನ್ನು ಮೇಜಿನ ಮೇಲಿಟ್ಟರು. ಮೊದಲನೆಯದು ಚಂದ, ದೊಡ್ಡ ಪರದೆ, ಬೆರಳು ತಾಗಿಸಿದರೆ ಸಾಕು. ಹೆಂಡತಿಗೆ ಅದೇ ಹಿಡಿಸಿತು. ಹೊರಗೆ ತಂದು ಬಿಸಿಲಿಗೆ ಹಿಡಿದೆ, ಕಂಡದ್ದು ನನ್ನ ಮೂಗು ಮಾತ್ರ. ಮೇಲಾಗಿ ಜೇನು ಅಂಟಿದ ಬೆರಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಂತೆ. ಎರಡನೆಯದು ಮಾತಾಡುವಂಥದ್ದು. ಮಾತು ನಿಲ್ಲಿಸಬಹುದು, ಆದರೆ ಬಾಣದ ಗುರುತು ಹಾಕಿ ಮತ್ತೆ ಎಡಬಲವನ್ನೇ ತೋರಿಸುತ್ತಿತ್ತು. ಮೂರನೆಯದು ರಬ್ಬರಿನ ಕವಚದ, ದಪ್ಪ ಗುಂಡಿಗಳ, ಮಂಕು ಪರದೆಯ ಗಟ್ಟಿಪಿಂಡ. ಬಿಸಿಲು ಹೆಚ್ಚಾದಷ್ಟೂ ಅದರ ಪರದೆ ಸ್ಪಷ್ಟವಾಗುತ್ತಿತ್ತು.

ಅದನ್ನು ನನ್ನ ಕೈಗೆ ಕೊಟ್ಟು ಮಾಲೀಕರು ಹೇಳಿದರು, “ನಿಮಗೆ ಬೇಕಾದ್ದು ರಸ್ತೆಯವರ ಯಂತ್ರ ಅಲ್ಲ ಮಾರಾಯ್ರೆ, ಕಡಲಿನವರದ್ದು. ಕಡಲಲ್ಲಿ ತಿರುಗಲಿಕ್ಕೆ ಕ್ರಾಸ್ ಎಲ್ಲಿ ಉಂಟು?”

ಹೆಜಮಾಡಿಯ ದೋಣಿಯವರು ಅದನ್ನೇ ಒಯ್ಯುತ್ತಾರಂತೆ. ಅದು ಏನನ್ನೂ ಹೇಳುವುದಿಲ್ಲ. ಬಡಗನ್ನು ಮೇಲಕ್ಕೆ ಹಿಡಿದು ನಕ್ಷೆಯನ್ನು ಅಲ್ಲಾಡದಂತೆ ನಿಲ್ಲಿಸಿದರೆ ಮುಗಿಯಿತು, ಯಂತ್ರ ಎತ್ತ ತಿರುಗಿದರೂ ಊರು ಊರಿನ ಜಾಗದಲ್ಲೇ ಇರುತ್ತದೆ. ನಾನು ಅದರ ಮೇಲೆ ಒಂದು ಚುಕ್ಕೆಯಾಗಿ ಹೋಗುತ್ತೇನೆ. ಮನೆಯದ್ದೋ ತೋಟದ್ದೋ ಗುರುತು ಇಟ್ಟರೆ ಅಲ್ಲಿಯ ತನಕ ಒಂದು ಗೆರೆ. ಅಷ್ಟೇ. ಮನೆಗೆ ತಂದ ಮೇಲೆ ಹೆಂಡತಿ ನಾಲ್ಕು ಚೂರು ಅಂಟುಪಟ್ಟಿಯ ಮೇಲೆ ಬ, ಮೂ, ತೆಂ, ಪ ಎಂದು ಬರೆದು ನಾಲ್ಕು ಅಂಚಿಗೂ ಹಚ್ಚಿದಳು. ನಿಮ್ಮ ಹುಳಗಳಿಗೆ ಗೂಡು ಸೇರಲು ಇಷ್ಟು ಸಾಮಾನು ಬೇಕಾಗುವುದಿಲ್ಲ ಎಂದು ಒಂದು ಮಾತು ಚುಚ್ಚಿಯೂ ಬಿಟ್ಟಳು.

ಅವಳನ್ನು ಹಿಂದೆ ಕೂರಿಸಿಕೊಂಡು, ಅವಳು ಬಾಯಿ ಬಿಡದಂತೆ ಮಾತು ತೆಗೆದುಕೊಂಡು, ಕಾಪುವಿಗೆ ಹೋಗಿ ಬಂದೆ, ಬೆಳ್ಮಣ್ಣಿಗೆ ಹೋಗಿ ಬಂದೆ. ಕವಲು ಬಂದಾಗ ಸ್ಕೂಟರು ನಿಲ್ಲಿಸಿ ಯಂತ್ರ ನೋಡುತ್ತಿದ್ದೆ, ಗೆರೆ ಮೂಡಿಗೆ ಹೋಗಿದ್ದರೆ ನಾನೂ ಮೂಡಿಗೆ. ಮೂಡು ಯಾವುದೆಂದು ಮೈಗೇ ಗೊತ್ತಿತ್ತು, ಯಂತ್ರದ ಜೊತೆ ಅದು ಒಮ್ಮೆಯೂ ಜಗಳ ಮಾಡಲಿಲ್ಲ. ಹಿಂದೆ ಕುಳಿತವಳ ಉಸಿರು ಮಾತ್ರ ಕೇಳುತ್ತಿತ್ತು. ಕನ್ನಡದಲ್ಲಿ ಆಸರೆ ಕೊಡುವವರನ್ನೂ ದಿಕ್ಕು ಎಂದೇ ಕರೆಯುತ್ತೇವೆ. ಯಾರು ದಿಕ್ಕು ನಿನಗೆ ಎಂದು ಕೇಳುತ್ತೇವೆ. ಆ ಮಾತು ಹೇಗೆ ಹುಟ್ಟಿರಬಹುದೆಂದು ಆ ದಿನಗಳಲ್ಲಿ ಸುಮಾರು ಸಲ ಯೋಚಿಸಿದೆ. ಅವಳ ಹತ್ತಿರ ಹೇಳಲಿಲ್ಲ.

ಒಬ್ಬನೇ ಹೋಗುವ ಪರೀಕ್ಷೆಗೆ ಕೆಮ್ಮಣ್ಣಿನ ಪೆಟ್ಟಿಗೆಯನ್ನು ಆರಿಸಿದವನು ನಾನೇ. ಹತ್ತಿರದ್ದು, ಸುಲಭದ್ದು ಎಂಬ ಲೆಕ್ಕ. ಏಪ್ರಿಲ್ ತಿಂಗಳು. ಹೋಗುವಾಗ ಎಲ್ಲವೂ ನೂಲು ಹಿಡಿದ ಹಾಗೆ ಆಯಿತು. ಪೆಟ್ಟಿಗೆ ಇರುವುದು ಊರಿನಿಂದಲೂ ಆಚೆ, ಕಡಲಿಗೂ ಹೊಳೆಗೂ ನಡುವೆ ಬಡಗು ತೆಂಕಾಗಿ ಚಾಚಿಕೊಂಡ ಕಿರಿದಾದ ನೆಲದಲ್ಲಿ, ಪರಿಚಯದವರೊಬ್ಬರ ತೆಂಗಿನ ತೋಟದಲ್ಲಿ. ಆ ದಿನ ತೋಟದ ಮನೆಯವರು ಇರಲಿಲ್ಲ. ಎರಿಗಳು ತುಂಬಿ ಭಾರವಾಗಿದ್ದವು. ಬಹಳ ದಿನಗಳ ಮೇಲೆ ಯಾರೂ ಕಾಯುತ್ತಿಲ್ಲ ಎಂಬ ನೆಮ್ಮದಿಯಲ್ಲಿ ಕೆಲಸ ಮಾಡಿದೆ. ಸಂತೋಷವಾಗಿತ್ತು, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಮುಗಿಸಿ, ಸ್ಕೂಟರನ್ನು ತೆಂಗಿನ ಮರಗಳ ನಡುವೆ ಅತ್ತ ಇತ್ತ ತಿರುಗಿಸಿ ತಳ್ಳಿಕೊಂಡು ಓಣಿಯಿಂದ ಹೊರಗೆ ಬಂದಾಗ ಎದುರಿಗೆ ಅಗಲವಾದ ನೀರು ಕಂಡಿತು. ನೀರು ಎಂದರೆ ಕಡಲು, ಕಡಲು ಎಂದರೆ ಪಡು. ಮನೆ ಇರುವುದು ತೆಂಕಿಗೆ ಹೋಗಿ ಆಮೇಲೆ ಮೂಡಿಗೆ. ಯಾವ ಯೋಚನೆಯೂ ಇಲ್ಲದೆ ಸ್ಕೂಟರು ಹತ್ತಿ ತೆಂಕಿಗೆ ಹೊರಟೆ. ಸ್ವಲ್ಪ ದೂರ ಹೋಗಿ ಯಂತ್ರ ನೋಡಿದರೆ ನನ್ನ ಚುಕ್ಕೆ ಬಡಗಿಗೆ ಹೋಗುತ್ತಿದೆ. ಮನೆಯ ಗೆರೆ ಬೆನ್ನ ಹಿಂದೆ ಉದ್ದವಾಗುತ್ತಿದೆ.

ನಿಲ್ಲಿಸಿದೆ. ಯಂತ್ರ ಕೆಟ್ಟಿದೆ ಎಂದುಕೊಂಡೆ. ತೆಂಗಿನ ಗರಿಗಳ ಅಡಿಯಲ್ಲಿ ಉಪಗ್ರಹ ಸಿಗದೆ ಹೋಗಿರಬಹುದು ಎಂದುಕೊಂಡು ಬಯಲಿಗೆ ಹೋಗಿ ಹಿಡಿದೆ. ಅದೇ ಮಾತು. ಅಂಗಡಿಯವರಿಗೆ ಮನಸ್ಸಿನಲ್ಲೇ ಬೈದೆ. ತಲೆಯೆತ್ತಿದರೆ ಸೂರ್ಯ ನೆತ್ತಿಯ ಮೇಲೆ, ನೆರಳು ಕಾಲ ಕೆಳಗೆ. ಗಾಳಿ ಇಲ್ಲ, ಅಲೆಯ ಸದ್ದಿಲ್ಲ. ಆಗ ನೀರಿಗೆ ಬೆನ್ನು ಮಾಡಿ ಮರಗಳ ಸಂದಿನಿಂದ ಆಚೆ ಬದಿಗೆ ನೋಡಿದೆ. ಅಲ್ಲಿಯೂ ನೀರು.

ಒಂದು ಹೊಳೆ, ಇನ್ನೊಂದು ಕಡಲು, ಅದು ಗೊತ್ತು. ಯಾವುದು ಯಾವುದೆಂದು ಹೇಳಲು ನನ್ನೊಳಗೆ ಯಾರೂ ಇರಲಿಲ್ಲ. ಹುಟ್ಟಿದಂದಿನಿಂದ ಪಡು ನನ್ನ ಮೈಯೊಳಗೇ ಇದೆ ಎಂದು ನಂಬಿದ್ದೆ. ಅದು ಬರೀ ಕಡಲಿನ ಸಾಲವಾಗಿತ್ತೇನೋ. ಇದ್ದಕ್ಕಿದ್ದಂತೆ ಹೆದರಿಕೆಯಾಯಿತು. ಆಸ್ಪತ್ರೆಯಲ್ಲಿಯೂ ಅಷ್ಟು ಹೆದರಿರಲಿಲ್ಲ. ಎಡಬಲ ಹೋದಾಗ ಇನ್ನೂ ನಾಲ್ಕು ಉಳಿದಿದ್ದವು. ಇವೂ ಹೋದರೆ ಉಳಿಯುವುದೇನು? ಪೆಟ್ಟಿಗೆಗಳನ್ನು ಯಾರ್ಯಾರಿಗೆ ಹೇಗೆ ಬಿಟ್ಟುಕೊಡಬೇಕೆಂದು ಅಲ್ಲೇ ನಿಂತು ಯೋಚಿಸತೊಡಗಿದೆ.

ಆಗ ಫೋನು ಬಂತು. ಅವಳೇ. ಎಲ್ಲಿದ್ದೀರಿ ಎಂದು ಕೇಳಿದಳು. ಕೆಮ್ಮಣ್ಣು ದಾಟಿದೆ, ಬಂದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಡೆದುಹೋಗುತ್ತಿತ್ತು, ಅರ್ಧ ಗಂಟೆ ಅಲೆದಾಡಿ ಹೇಗೋ ಮನೆ ಸೇರುತ್ತಿದ್ದೆ, ಕರಾರು ಉಳಿಯುತ್ತಿತ್ತು. ಯಾಕೋ ಆಗಲಿಲ್ಲ.

“ಗೊತ್ತಿಲ್ಲ,” ಎಂದೆ. “ಪಡು ಯಾವುದು ಅಂತ ಗೊತ್ತಾಗುವುದಿಲ್ಲ. ಯಂತ್ರ ಒಂದು ಹೇಳ್ತದೆ, ನನಗೆ ಇನ್ನೊಂದು ಕಾಣ್ತದೆ.”

ಆ ಕಡೆ ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. ಹೋಯಿತು, ಇನ್ನು ಕೀಲಿ ಕೇಳುತ್ತಾಳೆ ಎಂದುಕೊಂಡೆ.

“ಗೊತ್ತಿಲ್ಲ ಅಂತ ನಿಮ್ಮ ಬಾಯಿಂದ ಕೇಳುವುದು ಇದೇ ಮೊದಲು,” ಎಂದಳು. ತುಳುವಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವಳ ದನಿ ಹೇಗಿತ್ತೆಂದು ಬರೆಯಲಾರೆ. “ಇಷ್ಟು ಹೇಳಲಿಕ್ಕೆ ಬಂದರೆ ಸಾಕು. ಇನ್ನು ನಾನು ಹಿಂದೆ ಕೂರುವುದು ಬೇಡ, ಕೀಲಿ ನಿಮ್ಮ ಹತ್ತಿರವೇ ಇರಲಿ. ಯಂತ್ರ ಹೇಳಿದ ಹಾಗೆ ಬನ್ನಿ.”

ಫೋನು ಇಟ್ಟಳು. ನಾನು ಕಣ್ಣು ಒರೆಸಿಕೊಂಡೆ. ಆಮೇಲೆ ಸ್ಕೂಟರನ್ನು ಬಂದ ದಿಕ್ಕಿಗೇ ತಿರುಗಿಸಿದೆ. ಪರದೆಯಲ್ಲಿ ಮನೆಯ ಗೆರೆ ಗಿಡ್ಡವಾಗುತ್ತಾ ಬಂತು. ಮನೆಯಿಂದ ದೂರ ಹೋಗುತ್ತಿದ್ದೀ ಎಂದು ಮೈಯೆಲ್ಲ ಕೂಗುತ್ತಲೇ ಇತ್ತು. ಆದರೂ ಹೋದೆ.