ನೋಡದೆ ಹಾಕಿದ ಸಹಿ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಈ ಸಮಯದ ಬಗ್ಗೆ ನನಗೆ ಅನುಮಾನವಿಲ್ಲ. ಮಾತ್ರೆಯ ಪುಡಿ ಕಲಸುವ ಕೋಣೆಯ ಹೊರಗಿನ ಪುಟ್ಟ ಕೊಠಡಿಯಲ್ಲಿ, ಬೆಂಚಿನ ಮೇಲೆ ಕೂತು ಎಡಗಾಲಿಗೆ ಶೂ ಕವರ್ ಹಾಕಿಕೊಂಡಿದ್ದೆ. ಬಲಗಾಲಿನದು ಇನ್ನೂ ಕೈಯಲ್ಲಿತ್ತು. ಗೋಡೆ ಗಡಿಯಾರ ನೋಡಿದೆ. ಆಮೇಲೆ ಬಾಗಿಲಿನ ಗಾಜಿನಾಚೆ ನೋಡಿದೆ. ನಮ್ಮ ಆಪರೇಟರ್ ಡ್ರಮ್ಮಿನ ನಲ್ಲಿ ತಿರುಗಿಸಿ ಮಿಕ್ಸರಿಗೆ ಆಲ್ಕೊಹಾಲ್ ಬಿಡುತ್ತಿದ್ದರು. ಅವರ ಕೈಗಳ ಸುತ್ತ ಗಾಳಿ ನಡುಗಿದ ಹಾಗೆ ಕಂಡಿತು. ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ ಆ ಬೆಂಕಿಗೆ ಬಣ್ಣವೇ ಇರಲಿಲ್ಲ. ಅವರ ತೋಳಿನ ಬಟ್ಟೆ ಕಪ್ಪಾದಾಗಲೇ ಅದು ಬೆಂಕಿ ಎಂದು ನನಗೆ ಗೊತ್ತಾದದ್ದು.

ಅವರು ಓಡಲಿಲ್ಲ. ಉರಿಯುತ್ತಿದ್ದ ಕೈಯಿಂದಲೇ ನಲ್ಲಿ ನಿಲ್ಲಿಸಿದರು. ಮಿಕ್ಸರಿನ ಮುಚ್ಚಳ ಎಳೆದು ಹಾಕಿದರು. ಆಮೇಲೆ ಮೂಲೆಯಲ್ಲಿದ್ದ ತುರ್ತು ಷವರಿನ ಸರಪಳಿ ಜಗ್ಗಿ ಅದರಡಿ ಕೂತುಬಿಟ್ಟರು. ಇಷ್ಟೂ ಹೊತ್ತು ನಾನು ಶೂ ಕವರ್ ಹಿಡಿದು ನಿಂತಿದ್ದೆ. ಎರಡೂ ಕಾಲಿಗೆ ಹಾಕಿಕೊಳ್ಳದೆ ಒಳಗೆ ಹೋಗಬಾರದು ಎಂಬ ನಿಯಮ ನನ್ನ ಮೈಯನ್ನು ಹಿಡಿದು ನಿಲ್ಲಿಸಿತ್ತು. ಬಾಗಿಲು ತಳ್ಳಿದಾಗ ಅವರು ಹಲ್ಲು ಕಚ್ಚಿ ಒಂದೇ ಮಾತು ಹೇಳಿದರು: "ಮ್ಯಾಡಮ್, ಕರೆಂಟ್ ಆಫ್ ಮಾಡಿ."

ಅವರು ಆ ಮುಚ್ಚಳ ಹಾಕದೆ ಹೋಗಿದ್ದರೆ ಪಕ್ಕದಲ್ಲಿದ್ದ ಇನ್ನೆರಡು ತುಂಬಿದ ಡ್ರಮ್ಮುಗಳ ಕಥೆ ಏನಾಗುತ್ತಿತ್ತು ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಬೆಂಚಿಗೂ ಗಾಜಿಗೂ ಮೂರು ಹೆಜ್ಜೆ. ಈಗಲೂ ಮನಸ್ಸಿನಲ್ಲಿ ಆ ಮೂರು ಹೆಜ್ಜೆ ನಡೆಯುತ್ತಿರುತ್ತೇನೆ.

ಆಲ್ಕೊಹಾಲ್ ಸುರಿಯುವಾಗ ಡ್ರಮ್ಮಿನಲ್ಲಿ ಘರ್ಷಣೆಯಿಂದಲೇ ವಿದ್ಯುತ್ತಿನ ಕಿಡಿ ಹುಟ್ಟಬಹುದು. ಜನವರಿಯ ಒಣಗಾಳಿಯಲ್ಲಿ ಇನ್ನೂ ಬೇಗ. ಅದಕ್ಕೇ ಡ್ರಮ್ಮಿಗೆ ಒಂದು ಕ್ಲಾಂಪ್ ಕಚ್ಚಿಸಿ, ಅದರ ತಂತಿಯನ್ನು ನೆಲಕ್ಕೆ ಸೇರಿಸಿರಬೇಕು. ನೋಡಲು ಬಟ್ಟೆ ಒಣಹಾಕುವ ಕ್ಲಿಪ್ಪಿನ ದೊಡ್ಡಣ್ಣನ ಹಾಗಿರುತ್ತದೆ. ಪ್ರತಿ ಸಲ ಸುರಿಯುವ ಮೊದಲು ಸೂಪರ್‌ವೈಸರ್ ಬಂದು ಅದನ್ನು ನೋಡಿ, ದಾಖಲೆಯಲ್ಲಿ 'ಪರಿಶೀಲಿಸಿದೆ' ಎಂದು ಸಹಿ ಹಾಕಬೇಕು. ಸೂಪರ್‌ವೈಸರ್ ನಾನು. ಸಹಿ ಇತ್ತು. ಕ್ಲಾಂಪ್ ಇರಲಿಲ್ಲ.

ಅವತ್ತು ಬೆಳಿಗ್ಗೆ ನಾನು ನೈರೋಬಿಯ ನಡುಪೇಟೆ ಸಿಬಿಡಿಗೆ ಹೋಗಬೇಕಿತ್ತು, ಪೊಲೀಸ್ ಸರ್ಟಿಫಿಕೇಟಿಗೆ ಬೆರಳಚ್ಚು ಕೊಡಲು. ಈ ದೇಶದಲ್ಲಿ ಕೆಲಸದ ಪರ್ಮಿಟ್ಟಿನ ಮೇಲೆ ಏಳು ವರ್ಷ ಮುಗಿಸಿದ್ದೆ, ಕಾಯಂ ವಾಸಕ್ಕೆ ಅರ್ಜಿ ಹಾಕಲು ಕಾಗದ ಸೇರಿಸುತ್ತಿದ್ದೆ. ಕೆಲಸ ನಿಲ್ಲಬಾರದೆಂದು ಹೊರಡುವ ಮೊದಲೇ ದಾಖಲೆಯಲ್ಲಿ ಮೂರು ಕಡೆ ಸಹಿ ಹಾಕಿಟ್ಟೆ. ಇದಕ್ಕೆ ನಾವು ಅಡ್ವಾನ್ಸ್ ಸೈನ್ ಎನ್ನುತ್ತೇವೆ. ಪೀಣ್ಯದ ನನ್ನ ಮೊದಲ ಕಾರ್ಖಾನೆಯಲ್ಲಿ ಹಿರಿಯರಿಂದ ಕಲಿತದ್ದು. ಕೆಳಗಿನವರ ಮೇಲೆ ನಂಬಿಕೆ ಇಡುವುದು ಎಂದೇ ಅದಕ್ಕೆ ಅರ್ಥ ಕೊಟ್ಟಿದ್ದೆವು. ಪಾಸ್‌ಪೋರ್ಟಿನ ಜೊತೆ ಆ ರೂಢಿಯನ್ನೂ ನೈರೋಬಿಗೆ ತಂದವರು ನಾವೇ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಆಪರೇಟರಿನ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜ್. "ಪೋಲೆ," ಎಂದೆ. ಕ್ಷಮಿಸಿ ಎನ್ನುವುದಕ್ಕೂ ಅಯ್ಯೋ ಪಾಪ ಎನ್ನುವುದಕ್ಕೂ ಇಲ್ಲಿ ಅದೊಂದೇ ಮಾತು.

"ಕೈಗಳು ಬಾಕ್ಸರ್ ಥರ ಇವೆ ಅಲ್ವಾ?" ಎಂದು ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು: "ಕ್ಲಾಂಪ್ ಇಲ್ಲ ಅಂತ ನನಗೂ ಕಂಡಿತ್ತು ಮ್ಯಾಡಮ್. ಆದರೆ ನಿಮ್ಮ ಸಹಿ ಇತ್ತು. ನೀವು ನೋಡದೆ ಹಾಕುವವರಲ್ಲ. ಬೇರೆ ಏನೋ ವ್ಯವಸ್ಥೆ ಮಾಡಿರ್ತೀರಿ ಅಂದುಕೊಂಡೆ."

ಅಲ್ಲಿಂದ ನೇರ ಕಾರ್ಖಾನೆಯ ವರ್ಕ್‌ಶಾಪಿಗೆ ಹೋದೆ. ರಿಪೇರಿಯ ಮೇಜಿನ ಮೇಲೆ ಕ್ಲಾಂಪ್ ಬಿದ್ದಿತ್ತು, ಸ್ಪ್ರಿಂಗ್ ಮುರಿದು, ಬೆಂಕಿಯ ಹಿಂದಿನ ಸಂಜೆಯ ಚೀಟಿ ಕಟ್ಟಿಸಿಕೊಂಡು.

ನಮ್ಮ ಜನರಲ್ ಮ್ಯಾನೇಜರ್ ಮೈಸೂರಿನವರು, ಹದಿನೈದು ವರ್ಷದಿಂದ ಇಲ್ಲಿದ್ದಾರೆ. ಕಾರ್ಮಿಕ ಸುರಕ್ಷತೆಯ ಅಧಿಕಾರಿ ಹೇಳಿಕೆ ಬರೆಸಿಕೊಳ್ಳಲು ಬರುವ ಹಿಂದಿನ ದಿನ ನನ್ನನ್ನು ಕರೆಸಿದರು.

"ಕೂತ್ಕೊಳ್ಳಿ. ಕಾಫಿ ಹೇಳ್ಲಾ?"

"ಬೇಡ ಸರ್."

"ನೋಡಿ ಮೇಡಂ, ರೆಕಾರ್ಡ್ ಕ್ಲೀನಾಗಿದೆ. ನೀವು ಚೆಕ್ ಮಾಡ್ದಾಗ ಕ್ಲಾಂಪ್ ಇತ್ತು. ಆಮೇಲೆ ಅವನು ತೆಗ್ದಿದಾನೆ. ಮುಗೀತು."

"ನಾನು ಚೆಕ್ ಮಾಡ್ಲಿಲ್ಲ ಸರ್. ಕ್ಲಾಂಪ್ ವರ್ಕ್‌ಶಾಪ್‌ನಲ್ಲಿದೆ. ಹೋಗಿ ನೋಡ್ಕೊಂಡ್ ಬಂದೆ."

"ಈಗ ಹೋಗಿ ನೋಡೋ ಬುದ್ಧಿ ಅವತ್ತು ಬೆಳಿಗ್ಗೆ ಇರ್ಬೇಕಿತ್ತು."

"ಹೌದು ಸರ್. ಅದನ್ನೇ ಬರೀತೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರೀರಿ. ಬರ್ದು, ಯಜಮಾನ್ರು, ಮಗಳ ಜತೆ ಫ್ಲೈಟ್ ಹತ್ತಿ. ನಿಮ್ಮ ಏಳು ವರ್ಷದ ಸರ್ವಿಸ್ ಲೆಟರ್‌ಗೆ ಸೈನ್ ಹಾಕೋನು ನಾನು. ಮರ್ತ್ರಾ?"

ಮರೆತಿರಲಿಲ್ಲ; ಆ ಪತ್ರವಿಲ್ಲದೆ ಕಾಯಂ ವಾಸದ ಅರ್ಜಿಯೇ ಇಲ್ಲ. ನನ್ನ ಪರ್ಮಿಟ್ಟಿನಲ್ಲಿ ನನ್ನ ಹೆಸರಿನ ಜೊತೆ ಕಂಪನಿಯ ಹೆಸರೂ ಇದೆ. ಕಂಪನಿ ಬಿಟ್ಟರೆ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದಿದ್ದರೆ ಮೂವರಿಗೂ ಇಲ್ಲಿ ಜಾಗವಿಲ್ಲ. ಕಾಯಂ ವಾಸದ ಕಾಗದದಲ್ಲಿ ಮಾತ್ರ ಕಂಪನಿಯ ಹೆಸರಿರುವುದಿಲ್ಲ. ನಾನು ಏಳು ವರ್ಷ ಕಾದದ್ದು ಆ ಒಂದು ಖಾಲಿ ಜಾಗಕ್ಕೆ.

ಲೊರೆಶೋ ಬಡಾವಣೆಯ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ತನ್ನನ್ನೂ ಮಗಳನ್ನೂ ಅವನು ನನ್ನ ಪರ್ಮಿಟ್ಟಿನ ಲಗೇಜು ಎಂದು ಕರೆಯುತ್ತಾನೆ. ಚಪಾತಿ ಹಿಟ್ಟು ನಾದುತ್ತಲೇ ಕೇಳಿಸಿಕೊಂಡ. "ಲಗೇಜಿಗೆ ಅಭಿಪ್ರಾಯ ಇರಲ್ಲ ಕಣೇ. ಆದ್ರೂ ಹೇಳ್ತೀನಿ. ಬರಿ."

ಊಟದ ಮೇಜಿನಿಂದ ಮಗಳು ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದಳು: "ಆರ್ ವಿ ಗೋಯಿಂಗ್ ಬ್ಯಾಕ್?"

"ಎಲ್ಲಿಗೆ?" ಎಂದೆ.

"ಎಗ್ಸಾಕ್ಟ್ಲಿ," ಎಂದು ಪುಸ್ತಕ ತಿರುವಿದಳು. ಬಂದಾಗ ಅವಳಿಗೆ ಮೂರು ವರ್ಷ.

ಮರುದಿನ ಅಧಿಕಾರಿಯ ಮುಂದೆ ಎರಡು ಪುಟ ಬರೆದೆ. ಸಹಿ ಯಾವಾಗ ಹಾಕಿದೆ, ಎಲ್ಲಿಗೆ ಹೋದೆ, ಕ್ಲಾಂಪ್ ಎಲ್ಲಿತ್ತು, ಯಾರು ಮುಚ್ಚಳ ಹಾಕಿ ಉಳಿದವರನ್ನು ಉಳಿಸಿದರು, ನಾನು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆ. ಒಂದು ಪದವನ್ನೂ ಹೊಡೆದು ಹಾಕಲಿಲ್ಲ. ನನ್ನ ಕೆಲಸ ನನಗೆ ಗೊತ್ತು. ಅದರಲ್ಲಿ ಆದ ತಪ್ಪನ್ನು ಸರಿಯಾಗಿ ಬರೆಯುವುದೂ ಅದೇ ಕೆಲಸದ ಭಾಗ.

ಆಪರೇಟರಿನ ಮೇಲೆ ತಪ್ಪು ಬರಲಿಲ್ಲ. ಚಿಕಿತ್ಸೆಯನ್ನು ಕಂಪನಿ ನೋಡಿಕೊಂಡಿತು. ನನಗೆ ಲಿಖಿತ ಎಚ್ಚರಿಕೆ ಬಂತು. ಸರ್ವಿಸ್ ಲೆಟರ್ ಬರಲಿಲ್ಲ. ಒಂದು ತಿಂಗಳು ಹೋಯಿತು, ಇನ್ನೊಂದೂ ಹೋಯಿತು. ಕ್ಯಾಂಟೀನಿನಲ್ಲಿ ಮ್ಯಾನೇಜರ್ ಎದುರಾದರೆ ಸಾಂಬಾರಿನ ಕಡೆ ನೋಡುತ್ತಿದ್ದರು. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ಅದೇ ಗಾಜು, ಅದೇ ಮೂರು ಹೆಜ್ಜೆ.

ಒಂದು ದಿನ ಅವರೇ ನನ್ನ ಮೇಜಿನ ಹತ್ತಿರ ಬಂದು ಲಕೋಟೆ ಇಟ್ಟರು. "ಹಳೇ ಫೈಲು ತೆಗ್ಸಿ ನನ್ನ ಅಡ್ವಾನ್ಸ್ ಸೈನ್‌ಗಳನ್ನ ಹುಡುಕ್ದೆ. ಅಷ್ಟೊಂದಿತ್ತು, ಅರ್ಧಕ್ಕೆ ಬಿಟ್ಬಿಟ್ಟೆ, ನಾಚಿಕೆ ಆಯ್ತು. ಇದ್ರಲ್ಲಿ ಏನೂ ಕಮ್ಮಿ ಬರ್ದಿಲ್ಲ, ಜಾಸ್ತಿನೂ ಬರ್ದಿಲ್ಲ." ಏಳು ವರ್ಷದ ಕೆಲಸದ ಬಗ್ಗೆ ಒಂದು ಪುಟ ತುಂಬಾ ಒಳ್ಳೆಯ ಮಾತಿತ್ತು. ಕೊನೆಯ ಸಾಲಿನಲ್ಲಿ ಆ ಎಚ್ಚರಿಕೆಯೂ ಇತ್ತು. ತೆಗೆಸಿ ಎಂದು ನಾನು ಕೇಳಲಿಲ್ಲ.

ಅರ್ಜಿ ತೆಗೆದುಕೊಳ್ಳುವ ಕೌಂಟರಿನ ಗುಮಾಸ್ತೆ ಕೊನೆಯ ಸಾಲಿಗೆ ಬಂದು ತಲೆ ಎತ್ತಿದಳು. "ಇದೇನು ಮಾಮಾ?" ಮಕ್ಕಳಿರುವ ಹೆಂಗಸರನ್ನು ಇಲ್ಲಿ ಹಾಗೆ ಕರೆಯುವುದು.

"ನೋಡದೆ ಸಹಿ ಹಾಕಿದ್ದೆ. ಒಬ್ಬರ ಕೈ ಸುಟ್ಟಿತು."

"ಇದನ್ನು ನೀವೇ ತಂದು ಕೊಡ್ತಿದ್ದೀರಾ?"

"ಏಳು ವರ್ಷದ ಕೆಲಸ ಅಂತ ಕೇಳಿದ್ದೀರಲ್ಲ, ಆ ದಿನವೂ ಅದರಲ್ಲೇ ಇದೆ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಸವಾ," ಎಂದಳು, ಸರಿ. ನನ್ನ ಕಾಗದಗಳನ್ನು ಒಂದೊಂದಾಗಿ ನೋಡಿ, ಎಲ್ಲ ನೋಡಿಯಾದ ಮೇಲೆ ಮುದ್ರೆ ಒತ್ತಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

ತಿಂಗಳುಗಳ ನಂತರ ಕಾಯಂ ವಾಸ ಮಂಜೂರಾಯಿತು. ಗಂಡ ಪಾಯಸ ಮಾಡಿದ, ಲಗೇಜಿಗೆ ಸ್ವಂತ ಕಾಲು ಬಂದಷ್ಟೇ ಖುಷಿ ಎಂದ. ಅಂದು ಖಂಡಿತ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಅದೇ ವಾರ ಆಪರೇಟರ್ ಕೆಲಸಕ್ಕೆ ಮರಳಿದರು. ಕೈಯ ಚರ್ಮ ಅಲ್ಲಲ್ಲಿ ನಸುಗೆಂಪಾಗಿ ಹೊಳೆಯುತ್ತಿತ್ತು. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕೋಣೆಯಿಂದ ಫೋನ್ ಮಾಡಿದರು: "ಮ್ಯಾಡಮ್, ಸುರಿಯಬೇಕು. ಬನ್ನಿ." ಎರಡೂ ಶೂ ಕವರ್ ಹಾಕಿಕೊಂಡು ಹೋದೆ. ದಾಖಲೆಗೆ ಕೈ ಚಾಚಿದರೆ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ಮೊದಲು ಎಳೆದು ನೋಡಿ."

ಹೊಸ ಕ್ಲಾಂಪ್ ಹಿಡಿದು ಎಳೆದೆ. ಕದಲಲಿಲ್ಲ.

"ಇನ್ನೂ ಜೋರಾಗಿ. ಊಟ ಮಾಡಿಲ್ವಾ?"

ಎರಡೂ ಕೈಯಿಂದ ಜಗ್ಗಿದೆ. ಡ್ರಮ್ಮೇ ಸ್ವಲ್ಪ ಅಲುಗಾಡಿತು, ಕ್ಲಾಂಪ್ ಬಿಡಲಿಲ್ಲ. ಆಗ ದಾಖಲೆ ಕೊಟ್ಟರು. ಸಹಿ ಹಾಕಿ, ಸಮಯ ಬರೆದು, ಅವರು ನಲ್ಲಿ ತಿರುಗಿಸಿ ಕೊನೆಯ ಹನಿ ಬೀಳುವವರೆಗೆ ಗಾಜಿನ ಈಚೆ, ಅವರ ಪಕ್ಕದಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ಮಗಳು ಯೂನಿಫಾರ್ಮಿನಲ್ಲಿ ನಿಂತು ನನ್ನ ಭುಜ ಅಲ್ಲಾಡಿಸುತ್ತಿದ್ದಳು. ಕಿಟಕಿಯ ತುಂಬ ಬಿಸಿಲು. ಕಂಪನಿಯ ವ್ಯಾನ್ ಹಾರ್ನ್ ಹಾಕಿ ಹಾಕಿ ಹೋಗಿಯಾಗಿತ್ತು.